‘ಘಟಶ್ರಾದ್ಧ’ ಕಥೆಯನ್ನು ಹುಡುಗನ ಕಣ್ಣಿಂದ ಯಾಕೆ ಹೇಳಿದ್ದಾರೆ?

ಮಕ್ಕಳಿಗೆ ತೀರ್ಪು ಕೊಡಲು ಬರುವುದಿಲ್ಲ, ಅದಕ್ಕೇ. ಅನಂತಮೂರ್ತಿಯವರ ಈ ಕಥೆಯಲ್ಲಿ ವೇದ ಕಲಿಯಲು ಮನೆ ಬಿಟ್ಟು ಬಂದ ಹುಡುಗನನ್ನು ಅಕ್ಕರೆಯಿಂದ ನೋಡಿಕೊಳ್ಳುವವಳು ಗುರುಗಳ ಮಗಳು, ಚಿಕ್ಕ ವಯಸ್ಸಿನ ವಿಧವೆ ಯಮುನಕ್ಕ. ಅವಳು ಬಸುರಿಯಾದಾಗ ಊರಿಗೆ ಕಾಣುವುದು ಪಾಪ, ಅವನಿಗೆ ಕಾಣುವುದು ಸಂಕಟದಲ್ಲಿರುವ ಅಕ್ಕ. ಏನಾಗುತ್ತಿದೆ ಅಂತ ಅವನಿಗೆ ಅರ್ಧಂಬರ್ಧ ಗೊತ್ತು, ಓದುವ ನಮಗೆ ಪೂರ್ತಿ ಗೊತ್ತು. ಆ ಅಂತರವೇ ನಮ್ಮನ್ನು ಜಾಸ್ತಿ ಕಾಡುವುದು. ದೊಡ್ಡವರು ಯಾರಾದರೂ ಹೇಳಿದ್ದರೆ ಅವಳ ಪರವೋ ವಿರುದ್ಧವೋ ವಾದ ಶುರುವಾಗುತ್ತಿತ್ತು, ಅಲ್ವಾ? ಕೊನೆಗೆ ಹೆತ್ತ ಅಪ್ಪನೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾನೆ. ಘಟಶ್ರಾದ್ಧ ಅಂದರೆ ಇದೇ. ಹುಡುಗನ ಬಾಲ್ಯವೂ ಅಲ್ಲಿಗೇ ಮುಗಿಯುತ್ತದೆ ಅಂತ ನನಗನಿಸುತ್ತದೆ. 1977ರಲ್ಲಿ ಗಿರೀಶ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದಾಗಲೂ ಹುಡುಗನ ನೋಟವನ್ನು ಬಿಟ್ಟುಕೊಡಲಿಲ್ಲ.