ಆರಿದ್ರಾ ಸಿಡಿದರೆ ಮಳೆಯ ಗತಿ ಏನು, ಮೇಷ್ಟ್ರೇ?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಸಾಯುವ ನಕ್ಷತ್ರಗಳ ಬಗ್ಗೆಯೇ. ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ವಿಡಿಯೊ ಹರಿಯಬಿಟ್ಟಿದ್ದಾರೆ, ತಿಪಟೂರಿನ ಹಾಲಿನ ಡೈರಿ ಮುಂದೆಯೂ ಅದೇ ಮಾತು. ಉಳಿದ ಕಾಗದಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಆರಿದ್ರಾ ನಕ್ಷತ್ರ ಇಷ್ಟರಲ್ಲೇ ಸಿಡಿಯುತ್ತದಂತೆ, ಆಕಾಶದಲ್ಲಿ ಎರಡು ಸೂರ್ಯ ಕಾಣುತ್ತಾರಂತೆ. ನಿಜವೇ ಮೇಷ್ಟ್ರೇ? ಹಾಗಾದರೆ ಆರಿದ್ರಾ ಮಳೆಯ ಗತಿ ಏನು?
– ರೈತರೊಬ್ಬರು, ಕಡೂರು

ಉತ್ತರ: ಮೊದಲು ಮಳೆಯದ್ದು ಹೇಳಿಬಿಡುತ್ತೇನೆ, ನಿಮ್ಮ ಚಿಂತೆ ಅದರದ್ದೇ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅಂತ ನಮ್ಮಜ್ಜಿಯೂ ಅನ್ನುತ್ತಿದ್ದಳು. ಆದರೆ ಆ ಮಳೆಗೂ ನಕ್ಷತ್ರಕ್ಕೂ ಇರುವುದು ಪಂಚಾಂಗದ ನಂಟು ಮಾತ್ರ. ಜೂನ್ 22ರ ಆಸುಪಾಸಿನಿಂದ ಎರಡು ವಾರ ಸೂರ್ಯ ಆಕಾಶದ ಆ ಭಾಗದಲ್ಲಿ ಇರುತ್ತಾನೆ, ಅಷ್ಟೆ. ಆಗ ನಕ್ಷತ್ರ ಹಗಲಿನಲ್ಲೇ ಹುಟ್ಟಿ ಹಗಲಿನಲ್ಲೇ ಮುಳುಗುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಅದು ಸಿಡಿದರೂ ಮುಂಗಾರು ತನ್ನ ಪಾಡಿಗೆ ತಾನು ಬರುತ್ತದೆ. ಬರದಿದ್ದರೆ ಆ ಪಾಪವನ್ನು ನಕ್ಷತ್ರದ ತಲೆಗೆ ಕಟ್ಟಬೇಡಿ.

ಇನ್ನು ಸಿಡಿಯುವ ಮಾತು. ನಾವು ಆರಿದ್ರಾ ಅನ್ನುವ ಆ ಕೆಂಪು ನಕ್ಷತ್ರಕ್ಕೆ ಪಶ್ಚಿಮದವರ ಹೆಸರು ಬೀಟಲ್‌ಜ್ಯೂಸ್. ಸೂರ್ಯನ ಜಾಗದಲ್ಲಿ ಅದನ್ನು ಕೂರಿಸಿದರೆ ಭೂಮಿ, ಮಂಗಳ ಎಲ್ಲ ಅದರ ಹೊಟ್ಟೆಯೊಳಗೆ. ವಯಸ್ಸಾಗಿದೆ, ಸಾಯುವುದು ಖಂಡಿತ. ಆದರೆ ‘ಇಷ್ಟರಲ್ಲೇ’ ಅನ್ನುವ ಪದಕ್ಕೆ ಖಗೋಳಶಾಸ್ತ್ರಜ್ಞರ ಬಾಯಲ್ಲಿ ಇನ್ನು ಸುಮಾರು ಒಂದು ಲಕ್ಷ ವರ್ಷದೊಳಗೆ ಅಂತ ಅರ್ಥ. ನಿಮ್ಮ ಮೊಮ್ಮಕ್ಕಳ ಸಾಲವೂ ತೀರಿರುತ್ತದೆ.

ನಾನೂ ಒಮ್ಮೆ ಮೋಸಹೋಗಿದ್ದೇನೆ, ಅದನ್ನೂ ಹೇಳಬೇಕು. 2019ರ ಕೊನೆಯಲ್ಲಿ ಆರಿದ್ರಾ ಮಂಕಾಗತೊಡಗಿತು. ಊಟ ಮುಗಿಸಿ ಮಾಳಿಗೆಗೆ ಹೋಗಿ, ಪಕ್ಕದ ಬೆಲ್ಲಾಟ್ರಿಕ್ಸ್ ನಕ್ಷತ್ರದ ಜೊತೆ ಹೋಲಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಸಾಮಾನ್ಯವಾಗಿ ಆರಿದ್ರಾ ಎದುರು ಬೆಲ್ಲಾಟ್ರಿಕ್ಸ್ ಸಪ್ಪೆ. 2020ರ ಫೆಬ್ರುವರಿಯ ಒಂದು ರಾತ್ರಿ ಎರಡೂ ಸರಿಸಮ! ಕೈ ನಡುಗಿ ಅಕ್ಷರ ವಕ್ರವಾಗಿರುವುದು ಈಗಲೂ ಆ ಪುಟದಲ್ಲಿ ಕಾಣುತ್ತದೆ. ಕೆಳಗಿಳಿದವನೇ ಮನೆಯವಳಿಗೆ, ಎದುರುಮನೆಯವರಿಗೆ, ಮಾರನೇ ದಿನ ಕ್ಷೌರದಂಗಡಿಯಲ್ಲಿ, ಎಲ್ಲರಿಗೂ ‘ಸಿಡಿಯುತ್ತೆ ನೋಡ್ತಿರಿ’ ಅಂತ ಸಾರಿದೆ. ಏಪ್ರಿಲ್ ಹೊತ್ತಿಗೆ ಅದು ಮಾಮೂಲಿಯಾಗಿ ಹೊಳೆಯಿತು. ಕ್ಷೌರದಂಗಡಿಯವನು ಇವತ್ತಿಗೂ ಬಿಟ್ಟಿಲ್ಲ, ‘ಸಿಡೀತಾ ಮೇಷ್ಟ್ರೇ?’ ಅಂತ ಕೇಳುತ್ತಲೇ ಕತ್ತರಿ ಹಿಡಿಯುತ್ತಾನೆ. ಆದದ್ದೇನೆಂದರೆ, ನಕ್ಷತ್ರ ತನ್ನ ಮೈಯಿಂದ ಅನಿಲದ ಒಂದು ದೊಡ್ಡ ಮುದ್ದೆಯನ್ನು ಉಗುಳಿತ್ತು. ಅದು ತಣಿದು ದೂಳಾಗಿ ನಮ್ಮ ಕಡೆಯ ಮುಖಕ್ಕೆ ಅಡ್ಡ ಬಂದಿತ್ತು. ಸಾವಲ್ಲ, ಕೆಮ್ಮು.

ನಿಜವಾದ ಸಾವು ಒಳಗೆ ನಡೆಯುತ್ತದೆ. ಇಂಥ ದೊಡ್ಡ ನಕ್ಷತ್ರ ಲಕ್ಷಗಟ್ಟಲೆ ವರ್ಷ ಹೀಲಿಯಂ ಉರಿಸುತ್ತದೆ, ಕಾರ್ಬನ್ ಕೆಲವು ನೂರು ವರ್ಷದಲ್ಲಿ ಮುಗಿಯುತ್ತದೆ, ಕೊನೆಯ ಸಿಲಿಕಾನ್ ಒಂದೆರಡು ದಿನದಲ್ಲಿ. ಆಮೇಲೆ ಉಳಿಯುವುದು ಕಬ್ಬಿಣ. ಅದನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಕೈಯಿಂದಲೇ ಖರ್ಚು. ಒಲೆ ಆರಿದ ಮೇಲೆ ಮೇಲಿನ ಭಾರ ಹೊರುವವರಿಲ್ಲ. ನಕ್ಷತ್ರದ ನಟ್ಟನಡುವಿನ, ಭೂಮಿಯಷ್ಟು ಗಾತ್ರದ ಕಬ್ಬಿಣದ ತಿರುಳು ಒಂದು ಸೆಕೆಂಡೂ ಹಿಡಿಯದೆ ಕುಸಿದು ಒಂದು ಪಟ್ಟಣದಷ್ಟಾಗುತ್ತದೆ. ಆಗ ಹೊರಡುವ ಶಕ್ತಿಯಲ್ಲಿ ಬಹುಪಾಲು ಬೆಳಕಾಗಿ ಅಲ್ಲ, ನ್ಯೂಟ್ರಿನೊಗಳಾಗಿ, ಅಂದರೆ ಹೆಚ್ಚುಕಡಿಮೆ ಯಾವುದಕ್ಕೂ ತಾಗದೆ ತೂರಿಹೋಗುವ ಅತಿಸಣ್ಣ ಕಣಗಳಾಗಿ ಬರುತ್ತದೆ. 1987ರ ಫೆಬ್ರುವರಿ 23, ಸೋಮವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1 ಗಂಟೆ 5 ನಿಮಿಷ: ನೆರೆಯ ಗ್ಯಾಲಕ್ಸಿಯಲ್ಲಿ, ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಸತ್ತ ನಕ್ಷತ್ರವೊಂದರ ನ್ಯೂಟ್ರಿನೊಗಳು ಭೂಮಿಯನ್ನು ದಾಟಿದವು. ಜಪಾನಿನ ಕಾಮಿಯೊಕಾಂಡೆ ನೀರಿನ ತೊಟ್ಟಿಯಲ್ಲಿ ಸಿಕ್ಕಿದ್ದು 11. ಬೆಳಕು ಬಂದದ್ದು ಸುಮಾರು ಮೂರು ಗಂಟೆ ಬಿಟ್ಟು. ನ್ಯೂಟ್ರಿನೊ ಬಂದ ಹೊತ್ತಿಗೆ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಮುದ್ದೆ ಮುರಿಯುತ್ತಿದ್ದೆ. ಲಕ್ಷಾಂತರ ಕೋಟಿ ನ್ಯೂಟ್ರಿನೊಗಳು ನನ್ನನ್ನೂ ಡಬ್ಬಿಯನ್ನೂ ತೂರಿಕೊಂಡು ಹೋದವು, ಒಂದೂ ಮಾತನಾಡಿಸಲಿಲ್ಲ. ಆರಿದ್ರಾ ಆಷಾಢದ ಮೋಡದ ಹಿಂದೆ ಸಿಡಿದರೂ ಮೊದಲ ಸುದ್ದಿ ಹೀಗೇ ಬರುತ್ತದೆ. ಮೋಡವಿರಲಿ, ಇಡೀ ಭೂಮಿಯೇ ಇದಿರಾದರೂ ನ್ಯೂಟ್ರಿನೊಗೆ ಅಡ್ಡಿಯಿಲ್ಲ.

ಎರಡು ಸೂರ್ಯ ಇಲ್ಲ. ಅರ್ಧ ಚಂದ್ರನಷ್ಟು ಬೆಳಕು ಒಂದೇ ಚುಕ್ಕಿಯಲ್ಲಿ ಇಟ್ಟ ಹಾಗೆ ಕಾಣಬಹುದು, ಹಗಲಲ್ಲೂ ಕಾಣುತ್ತದೆ. ನಮಗೂ ಅದಕ್ಕೂ 550ರಿಂದ 700 ಜ್ಯೋತಿರ್ವರ್ಷ ದೂರ, ಅಪಾಯವಿಲ್ಲ. ‘ಈಗಾಗಲೇ ಸಿಡಿದು ಬೆಳಕು ದಾರಿಯಲ್ಲಿದ್ದರೆ?’ ಅಂತ ಇನ್ನಿಬ್ಬರು ಕೇಳಿದ್ದಾರೆ. ಲಕ್ಷ ವರ್ಷದಲ್ಲಿ ಆರುನೂರು ಎಷ್ಟು ಪಾಲು, ನೀವೇ ಭಾಗಿಸಿ.

ಪ್ರಶ್ನೆ: ನನ್ನ ಮೊಮ್ಮಗ ಹುಟ್ಟಿದ್ದು ಆರಿದ್ರಾ ನಕ್ಷತ್ರದಲ್ಲಿ. ಅದೇ ಇಲ್ಲವಾದರೆ ಜಾತಕ?
– ಗೃಹಿಣಿ, ಹಾಸನ

ಉತ್ತರ: ತಾಯಿ, ಜಾತಕದ ನಕ್ಷತ್ರ ಅಂದರೆ ಚಂದ್ರ ಓಡಾಡುವ ದಾರಿಯನ್ನು 27 ತುಂಡು ಮಾಡಿ ಇಟ್ಟ ಹೆಸರು. ದೀಪ ಆರಿದರೂ ಮನೆ ನಂಬರು ಬದಲಾಗುವುದಿಲ್ಲ. ಮಿಕ್ಕದ್ದು ನನ್ನ ಇಲಾಖೆಯಲ್ಲ.

ಪ್ರಶ್ನೆ: ಸರ್, ನಮ್ಮ ಸೂರ್ಯನೂ ಹೀಗೇ ಸಿಡಿಯುತ್ತಾನಾ? ‘ಗ್ರಹೀಯ ನೀಹಾರಿಕೆ’ ಆಗುತ್ತಾನೆ ಅಂತ ಓದಿದೆ. ಸಾಯುವ ನಕ್ಷತ್ರದಲ್ಲಿ ಗ್ರಹ ಎಲ್ಲಿಂದ ಬಂತು?
– ಹತ್ತನೇ ತರಗತಿ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಇಲ್ಲ ಮಗಳೇ, ಸಿಡಿಯಲು ಸೂರ್ಯನ ತೂಕ ಸಾಲದು. ಕನಿಷ್ಠ ಅವನ ಎಂಟು ಪಟ್ಟು ಬೇಕು. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಊದಿಕೊಂಡು ಕೆಂಪಾಗಿ, ಹೊರಗಿನ ಪದರಗಳನ್ನು ಒಂದೊಂದೇ ಬಿಟ್ಟುಕೊಡುತ್ತಾನೆ. ಹಾಗೆ ಬಿಟ್ಟ ಅನಿಲದ ಪದರಗಳೇ ಗ್ರಹೀಯ ನೀಹಾರಿಕೆ. ನಡುವೆ ಉಳಿಯುವುದು ಭೂಮಿಯಷ್ಟು ದೊಡ್ಡ ಬಿಳಿ ಕೆಂಡ.

ಹೆಸರಿನ ವಿಷಯದಲ್ಲಿ ನಿನಗೆ ಬಂದ ಅನುಮಾನ ಸರಿ, ಆ ಹೆಸರೇ ತಪ್ಪು. 1781ರಲ್ಲಿ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ಗೆ ದೂರದರ್ಶಕದಲ್ಲಿ ಇವು ಅದೇ ತರಹದ ಮಸುಕು ಬಿಲ್ಲೆಗಳಾಗಿ ಕಂಡವು. ಹಾಗೇ ಕರೆದ, ಹೆಸರು ಅಂಟಿಕೊಂಡಿತು. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಅಂಥದ್ದೊಂದರ ಬೆಳಕನ್ನು ಪಟ್ಟಕದಲ್ಲಿ ಒಡೆದು ನೋಡಿದಾಗ ಕಾಮನಬಿಲ್ಲು ಕಾಣಲಿಲ್ಲ, ಬರೀ ಒಂಟಿ ಗೆರೆಗಳು. ಅಂದರೆ ಅದು ಬಿಸಿ ಅನಿಲ. ಅದರಲ್ಲಿದ್ದ ಹಸಿರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ, ‘ನೆಬ್ಯುಲಿಯಂ’ ಅಂತ ಹೊಸ ಧಾತುವನ್ನೇ ಕಲ್ಪಿಸಿಕೊಂಡರು. 1927ರಲ್ಲಿ ಐರಾ ಬೋವೆನ್ ಬಿಡಿಸಿದ: ಅದು ನಾವು ಉಸಿರಾಡುವ ಆಮ್ಲಜನಕವೇ. ಎರಡು ಎಲೆಕ್ಟ್ರಾನ್ ಕಳೆದುಕೊಂಡು, ನಮ್ಮ ಪ್ರಯೋಗಾಲಯಗಳಲ್ಲಿ ಸಿಗದಷ್ಟು ವಿರಳವಾಗಿ ಹರಡಿಕೊಂಡಾಗ ಆ ಹಸಿರು ಬೆಳಕು ಕೊಡುತ್ತದೆ.

ಅಭಿಜಿತ್ ನಕ್ಷತ್ರದ ಹತ್ತಿರ ಇಂಥ ಒಂದು ಉಂಗುರ ನೀಹಾರಿಕೆ ಇದೆ. ನನ್ನ ಆರಂಗುಲದ ದೂರದರ್ಶಕದಲ್ಲಿ ಹೊಗೆಯಿಂದ ಮಾಡಿದ ಪುಟ್ಟ ಕೋಡುಬಳೆಯಂತೆ ಕಾಣುತ್ತದೆ. ಫೋಟೊದ ಬಣ್ಣಗಳನ್ನು ಕಣ್ಣಲ್ಲಿ ತುಂಬಿಕೊಂಡು ಬಂದ ಮಕ್ಕಳು ‘ಇಷ್ಟೇನಾ ಸರ್’ ಅನ್ನುತ್ತಾರೆ. ಇಷ್ಟೇ.

ಪ್ರಶ್ನೆ: ಮಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾನೆ. ಈಗ ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅನ್ನುತ್ತಾನೆ. ಗಣಿತವಿಲ್ಲದವನು ಆಕಾಶಕ್ಕೆ ಏಣಿ ಹಾಕಿದ ಹಾಗಲ್ಲವೇ?
– ನಿವೃತ್ತ ಗುಮಾಸ್ತರು, ಶಿರಸಿ

ಉತ್ತರ: ಏಣಿ ಆಗಲೇ ಇದೆ ಸ್ವಾಮಿ, ಹಾಕಿದವರು ಭಾಷೆ ಓದಿದವರು. 1054ರ ಜುಲೈ 4ರಂದು ಚೀನಾದ ಆಸ್ಥಾನದವರು ಒಂದು ‘ಅತಿಥಿ ನಕ್ಷತ್ರ’ ಕಂಡು ಬರೆದಿಟ್ಟರು. ಹಗಲಿನಲ್ಲೇ 23 ದಿನ ಕಂಡಿತು, ರಾತ್ರಿಯಲ್ಲಿ 1056ರ ಏಪ್ರಿಲ್‌ವರೆಗೆ. ಆ ಜಾಗದಲ್ಲಿ ಈಗ ಇರುವುದು ಏಡಿ ನೀಹಾರಿಕೆ, ಸಿಡಿದ ನಕ್ಷತ್ರದ ಅವಶೇಷ. ಎರಡೂ ಒಂದೇ ಎಂಬುದನ್ನು ಗಟ್ಟಿಮಾಡಿದ 1942ರ ಕೆಲಸದಲ್ಲಿ ಖಗೋಳಜ್ಞರಾದ ಮೇಯಲ್ ಮತ್ತು ಊರ್ಟ್ ಜೊತೆ ಡೈವೆಂಡಾಕ್ ಅಂತ ಒಬ್ಬರಿದ್ದರು, ಲೈಡನ್ನಿನ ಚೀನೀ ಭಾಷೆಯ ಪಂಡಿತರು. ಹಳೆಯ ದಾಖಲೆಗಳನ್ನು ಅವರು ಹುಡುಕಿ ಅನುವಾದಿಸಿಕೊಡದಿದ್ದರೆ ಉಳಿದಿಬ್ಬರ ಲೆಕ್ಕ ಅಂತರದಲ್ಲೇ ತೂಗುತ್ತಿತ್ತು.

ಇನ್ನೊಂದು. 1181ರಲ್ಲಿ ಚೀನಾ ಮತ್ತು ಜಪಾನಿನವರು ಬರೆದಿಟ್ಟ ನಕ್ಷತ್ರದ ಗುರುತು ಬಹುಕಾಲ ಖಚಿತವಾಗಿರಲಿಲ್ಲ. 2013ರಲ್ಲಿ ಡೇನಾ ಪ್ಯಾಚಿಕ್ ಎಂಬ ಹವ್ಯಾಸಿ, ಅವಕೆಂಪು ಚಿತ್ರಗಳಲ್ಲಿ ಒಂದು ಮಸುಕು ನೀಹಾರಿಕೆ ಕಂಡ. ಅದು ಹಿಗ್ಗುವ ವೇಗವನ್ನು ಹಿಂದಕ್ಕೆ ಓಡಿಸಿದರೆ ಸುಮಾರು ಸಾವಿರ ವರ್ಷಕ್ಕೆ ಬಂತು. 2021ರಲ್ಲಿ ವಿಜ್ಞಾನಿಗಳು ಹಳೆಯ ಬರಹದ ಜಾಗಕ್ಕೆ ಅದನ್ನು ತಾಳೆ ಹಾಕಿದರು. ಜಪಾನಿನ ಕವಿ ಫುಜಿವಾರಾ ನೊ ತೆಯ್ಕಾ ದಿನಚರಿಯಲ್ಲೂ ಈ ನಕ್ಷತ್ರದ ಪ್ರಸ್ತಾಪವಿದೆ. 1230ರಲ್ಲಿ ಧೂಮಕೇತು ನೋಡಿ ಗಾಬರಿಯಾಗಿ, ಹಿಂದೆ ಇಂಥವು ಯಾವಾಗ ಬಂದಿದ್ದವು ಅಂತ ಆಸ್ಥಾನದ ಜೋಯಿಸರಿಂದ ಪಟ್ಟಿ ತರಿಸಿ ಇಟ್ಟುಕೊಂಡ ಮಹಾಶಯ ಆತ.

ನಮ್ಮಲ್ಲಿ? 1054ರಲ್ಲಿ ಕಲ್ಯಾಣದಲ್ಲಿ ಚಾಲುಕ್ಯ ಒಂದನೇ ಸೋಮೇಶ್ವರ ಆಳುತ್ತಿದ್ದ. ಶಕ 976, ಜಯ ಸಂವತ್ಸರ. ನಿವೃತ್ತಿಯಾದ ವರ್ಷ, ಬೇಸಿಗೆಯೆಲ್ಲ ನಾನು ನಮ್ಮ ಶಾಸನಗಳನ್ನು ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಿರುವುತ್ತ ಆ ನಕ್ಷತ್ರ ಹುಡುಕಿದೆ. ಸಿಕ್ಕಿದ್ದು ಗ್ರಹಣ, ಗ್ರಹಣ, ಸಂಕ್ರಾಂತಿ, ಮತ್ತೆ ಗ್ರಹಣ. ಮೊದಲು ಮುಂಗಾರಿನ ಮೇಲೆ ತಪ್ಪು ಹೊರಿಸಿದೆ: ಕಾಣಿಸಿಕೊಂಡದ್ದು ಆಷಾಢದಲ್ಲಿ, ಮೋಡ ಮುಚ್ಚಿರಬೇಕು ಅಂತ. ಆದರೆ ಕಾರ್ತಿಕದ ತಿಳಿ ಆಕಾಶದಲ್ಲೂ ಅದು ಇತ್ತಲ್ಲ! ಈಗ ನನಗನಿಸುವುದು ಬೇರೆ. ಶಾಸನ ಕೆತ್ತಿಸುವುದು ದಾನಕ್ಕೆ, ದಾನಕ್ಕೆ ಪರ್ವಕಾಲ ಬೇಕು. ಗ್ರಹಣದಲ್ಲಿ ಕೊಟ್ಟರೆ ಪುಣ್ಯವುಂಟು. ಹೊಸ ನಕ್ಷತ್ರಕ್ಕೆ ಯಾವ ಫಲವನ್ನು ಹೇಳಿ ಭೂಮಿ ಬಿಡುವುದು? ನೋಡಿರುತ್ತಾರೆ, ಕಲ್ಲಿಗೆ ಏರಿಸಿಲ್ಲ. ಇದು ನನ್ನ ಊಹೆ, ತಪ್ಪೆಂದು ತೋರಿಸುವ ಕೆಲಸ ಇತಿಹಾಸದ ಹುಡುಗನದ್ದೇ. ಬೆಂಗಳೂರಿನ ನೆಹರು ತಾರಾಲಯದ ನಿರ್ದೇಶಕಿಯಾಗಿದ್ದ ಬಿ.ಎಸ್. ಶೈಲಜಾ ಅವರು ಶಾಸನಗಳಲ್ಲಿನ ಆಕಾಶದ ಉಲ್ಲೇಖಗಳನ್ನು ಕಲೆಹಾಕಿದ್ದಾರೆ, ಅಲ್ಲಿಂದ ಶುರುಮಾಡಲಿ.

ಹಳಗನ್ನಡ ಬೇಕು, ಲಿಪಿ ಓದಲು ಬರಬೇಕು, ತಿಥಿಯನ್ನು ತಾರೀಖಿಗೆ ತಿರುಗಿಸುವಷ್ಟು ಪಂಚಾಂಗದ ಗಣಿತ ಬೇಕು. ಅಷ್ಟು ಗಣಿತ ಆರು ತಿಂಗಳಲ್ಲಿ ಬರುತ್ತದೆ. ಕೆಲಸ ಸುಲಭವಾಗಿ ಸಿಗುತ್ತದೆಂದು ನಾನು ಹೇಳಲಾರೆ, ಜೊತೆಗೊಂದು ಬಿ.ಎಡ್. ಇರಲಿ. ಹಾಗೇ ಒಮ್ಮೆ ಹೊಸಕೋಟೆಗೂ ಕಳಿಸಿ. ಬಿರಿಯಾನಿಗಲ್ಲ! ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ಉಪಗ್ರಹದ ಮೂಲಕ ತಿರುಗಿಸುತ್ತಾರೆ. 2023ರ ಮೇ ತಿಂಗಳಲ್ಲಿ ಎಂ101 ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಾಗ ಅದರಿಂದಲೂ ನೋಡಿದರು. ಇವತ್ತಿನವರು ಅತಿಥಿಯನ್ನು ಹೇಗೆ ಬರೆದಿಡುತ್ತಾರೆ ಅಂತ ಹುಡುಗನಿಗೆ ಗೊತ್ತಾಗಲಿ.

ತಿಪಟೂರಿಗೆ ಬಂದರೆ ನನ್ನ ನೋಟ್‌ಬುಕ್ ಒಯ್ಯಲಿ. ನನ್ನ ಕೈಗೆ ಸಿಕ್ಕ ಸಂಪುಟಗಳಲ್ಲಿ ಜಯ ಸಂವತ್ಸರ ಮುಗಿಸಿದ್ದೇನೆ. ಮನ್ಮಥ ಸಂವತ್ಸರದ ಪುಟಗಳು ಖಾಲಿ ಇವೆ.