ಲಾರಿ ಗುದ್ದಿದ ಮೇಲೆ

ಓದುಗರೊಬ್ಬರ ಪತ್ರದ ಸಾರ: ‘ಕಳೆದ ಸಂಚಿಕೆಯಲ್ಲಿ ನಿಮ್ಮ ವಿಮರ್ಶಕರು “ಮುಶೋಕು ತೆನ್ಸೇ” ಎಂಬ ಜಪಾನಿ ಆನಿಮೆಯನ್ನು, ಅಂದರೆ ಅಲ್ಲಿನ ಕಾರ್ಟೂನ್ ಧಾರಾವಾಹಿಯನ್ನು, ಹೊಗಳಿದ್ದಾರೆ. ಕೆಲವು ಕಂತು ನೋಡಿದೆ. ಕೆಲಸವಿಲ್ಲದವನೊಬ್ಬ ಲಾರಿಗೆ ಸಿಕ್ಕಿ ಸಾಯುತ್ತಾನೆ, ಮಾಯಾಲೋಕದಲ್ಲಿ ಹುಟ್ಟುತ್ತಾನೆ, ಕೂತಲ್ಲೇ ಮಂತ್ರಶಕ್ತಿ ಒಲಿಯುತ್ತದೆ. ಹೆಣ್ಣುಮಕ್ಕಳ ಮೇಲೆ ಕೆಟ್ಟ ಕಣ್ಣು ಬೇರೆ. ಇಂಥವೆಲ್ಲ ಒಂದೇ ಥರ. ಈ ಹಗಲುಗನಸಿಗೆ ಎರಡು ಪುಟ ಬೇಕಿತ್ತೇ? ಜನ್ಮಾಂತರದ ಕತೆಯನ್ನು ಇವರು ನಮ್ಮ ಜನ್ನನಿಗಿಂತ ಚೆನ್ನಾಗಿ ಹೇಳಿಯಾರೇ? ಹನ್ನೆರಡರ ನನ್ನ ಮಗ ಇದನ್ನು ನೋಡುತ್ತೇನೆಂದು ಹಟ ಹಿಡಿದಿದ್ದಾನೆ, ಏನು ಮಾಡಲಿ?’

ಮಾನ್ಯರೇ,

ನಿಮ್ಮ ಸಿಟ್ಟಿನಲ್ಲಿ ಅರ್ಧ ನನ್ನದೂ ಹೌದು. ಉಳಿದರ್ಧಕ್ಕೆ ತಕರಾರಿದೆ.

ಜನ್ನನಿಂದಲೇ ಶುರುಮಾಡೋಣ, ಹೆಸರೆತ್ತಿದವರು ನೀವೇ. ‘ಯಶೋಧರ ಚರಿತೆ’ಯಲ್ಲಿ ಬಲಿಕೊಟ್ಟದ್ದು ಹಿಟ್ಟಿನ ಕೋಳಿ. ಅಷ್ಟಕ್ಕೇ ತಾಯಿ-ಮಗ ನವಿಲು, ನಾಯಿ, ಆಡು, ಕೋಳಿ ಎಂದು ಭವಭವ ತೊಳಲುತ್ತಾರೆ. ಹಿಂದಿನ ಜನ್ಮದ ಸಾಲ ಮುಂದಿನದರಲ್ಲಿ ಬಡ್ಡಿಸಮೇತ ವಸೂಲಾಗುತ್ತದೆ. ನಾಯಕ ಬೇರೊಂದು ಲೋಕ ಸೇರುವ, ಇಸೆಕಾಯ್ ಎನ್ನುವ ಈ ಜಪಾನಿ ಕತೆಗಳಲ್ಲಿ ಬಹುಪಾಲಿನವು ಆ ಸಾಲವನ್ನು ಮನ್ನಾ ಮಾಡಿಬಿಡುತ್ತವೆ. ಸತ್ತವನು ಹಳೆಯ ಬುದ್ಧಿಯನ್ನು ಜೊತೆಗೆ ತರುತ್ತಾನೆ, ಹಳೆಯ ಹೊಣೆಯನ್ನು ಅಲ್ಲೇ ಬಿಟ್ಟು ಬರುತ್ತಾನೆ. ಹಾಗಾಗಿ ಇಂಥ ಆನಿಮೆ ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು, ಹಳೆಯ ಜನ್ಮ ಹೊಸದರ ಮೇಲೆ ಏನಾದರೂ ಹಕ್ಕು ಸಾಧಿಸುತ್ತದೆಯೇ ಎಂದು. ನಾಯಕನ ಬಲ, ಆ ಲೋಕದ ನಕಾಶೆ, ಡ್ರ್ಯಾಗನ್ನುಗಳ ಅಂದಚಂದವೆಲ್ಲ ಆಮೇಲೆ.

ಒಂದೇ ಥರ ಎಂಬ ದೂರು ನಿಜ, ಅದಕ್ಕೆ ಕಾರಣವೂ ಇದೆ. ಇವುಗಳಲ್ಲಿ ಎಷ್ಟೋ ಕತೆಗಳು 2004ರಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನಾರೋ’ ಎಂಬ ಪುಕ್ಕಟೆ ಜಾಲತಾಣದಿಂದ ಬಂದವು. ಅಲ್ಲಿ ಯಾರು ಬೇಕಾದರೂ ಧಾರಾವಾಹಿ ಬರೆಯಬಹುದು. ಓದುಗರು ಕೊಟ್ಟ ಅಂಕದ ಮೇಲೆ ಪಟ್ಟಿಯಲ್ಲಿ ಏರಿಳಿತ. ಗೆದ್ದವನ ಮೊದಲ ಅಧ್ಯಾಯವನ್ನು ಉಳಿದವರು ನಕಲು ಮಾಡದೆ ಬಿಟ್ಟಾರೇ? ‘ಮುಶೋಕು ತೆನ್ಸೇ’ 2012ರಿಂದ 2015ರವರೆಗೆ ಅಲ್ಲೇ ಹರಿದುಬಂದು ಬಹುಕಾಲ ಪಟ್ಟಿಯ ತುದಿಯಲ್ಲಿತ್ತು. ಆನಿಮೆಯಾಗಿ 2021ರ ಜನವರಿಯಲ್ಲಿ ಬರುವ ಹೊತ್ತಿಗೆ ಮೂಲವೇ ನಕಲಿನ ಹಾಗೆ ಕಂಡಿತು, ಪಾಪ.

ಈಗ ಎರಡನೆಯ ಕಂತಿಗೆ ಬನ್ನಿ. 34ರ ಆ ನಿರುದ್ಯೋಗಿಯನ್ನು ಹಿಂದೊಮ್ಮೆ ಶಾಲೆಯಲ್ಲಿ ಹುಡುಗರು ಬತ್ತಲೆ ಮಾಡಿ ಗೇಟಿಗೆ ಕಟ್ಟಿದ್ದರು. ಅಲ್ಲಿಂದಾಚೆಗೆ ಕೋಣೆಯೇ ಅವನ ಲೋಕ. ಜಪಾನಿನಲ್ಲಿ ಇಂಥವರನ್ನು ಹಿಕಿಕೊಮೊರಿ ಎನ್ನುತ್ತಾರೆ; 40ರಿಂದ 64 ವಯಸ್ಸಿನವರಲ್ಲೇ 6 ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಮನೆ ಹಿಡಿದಿದ್ದಾರೆಂದು ಅಲ್ಲಿನ ಸರ್ಕಾರ 2019ರಲ್ಲಿ ಅಂದಾಜಿಸಿತ್ತು. ಹೊಸ ಜನ್ಮದಲ್ಲಿ ಅವನು ರೂಡಿಯಸ್. ಹಾಲುಗಲ್ಲದ ವಯಸ್ಸಿಗೇ ಮಂತ್ರದಲ್ಲಿ ಪಳಗಿದ್ದಾನೆ, ಆದರೆ ಮನೆಯ ಗೇಟು ದಾಟಲು ಕಾಲೇಳದು. ಕೊನೆಯ ಪರೀಕ್ಷೆಗೆಂದು ಗುರು ರಾಕ್ಸಿ ಊರಾಚೆಗೆ ಕರೆದಾಗ ಗಡಗಡ ನಡುಗುತ್ತಾನೆ. ಹುಡುಗ ಕುದುರೆಗೆ ಹೆದರಿದ ಎಂದುಕೊಂಡ ಅವಳು ಅವನನ್ನೆತ್ತಿ ಕುದುರೆಯ ಮೇಲೆ ಕೂರಿಸಿ ಹೊರಟೇಬಿಡುತ್ತಾಳೆ. ದಾರಿಯಲ್ಲಿ ಹೊಲಗಳು, ಅವಳನ್ನು ಮಾತಾಡಿಸುವ ಊರವರು. ಯಾರೂ ಇವನನ್ನು ನೋಡಿ ನಗುವುದಿಲ್ಲ. ತಾನೇನು ಮಾಡಿದೆ ಎಂಬುದು ರಾಕ್ಸಿಗೆ ಗೊತ್ತೇ ಇಲ್ಲ! ಕೂತಲ್ಲೇ ಎಲ್ಲ ಒಲಿಯಿತು ಎಂದು ಬರೆದಿದ್ದೀರಿ. ಆ ಗೇಟನ್ನು ದಾಟಿಸಲು ಕಲಿತ ಮಂತ್ರ ಒಂದೂ ಕೆಲಸಕ್ಕೆ ಬರಲಿಲ್ಲ. ನಮ್ಮ ವಿಮರ್ಶಕರು ಮೆಚ್ಚಿದ್ದು ಇದನ್ನು. ನಾನೂ ಮೆಚ್ಚುತ್ತೇನೆ.

ಇನ್ನು ಕೆಟ್ಟ ಕಣ್ಣಿನ ಮಾತು. ಅದೇ ರಾಕ್ಸಿಯ ಒಳಉಡುಪು ಕದ್ದು ದೇವರ ಹಾಗೆ ಪೂಜಿಸುವುದು, ಪುಟ್ಟ ಹುಡುಗಿ ಎರಿಸಳ ಮೈಮೇಲೆ ಕೈಹಾಕುವುದು, ಇವೆಲ್ಲ ಇಲ್ಲಿ ತಮಾಷೆ. ನಾಯಕ ಕೆಟ್ಟವನಾಗಿದ್ದರೆ ತಾನೇ ತಿದ್ದಿಕೊಳ್ಳುವುದು ಎಂದು ಅಭಿಮಾನಿಗಳು ವಾದಿಸುತ್ತಾರೆ. ಅವನು ಕೆಟ್ಟವನಾಗಿರಲಿ, ನನ್ನ ಅಭ್ಯಂತರವಿಲ್ಲ. ಅವನ ಚಾಳಿಗೆ ನಾವೂ ಸೇರಿ ನಗಬೇಕು ಎಂದರೆ ಮಾತ್ರ ಆಗದು. ಮೇಲಾಗಿ ಈ ಆನಿಮೆಯಲ್ಲಿ ರೂಡಿಯಸ್‌ಗೆ ಎರಡು ದನಿ: ಬಾಯಿಮಾತಿಗೆ ನಟಿ ಉಚಿಯಾಮಾ ಯುಮಿ, ಮನಸ್ಸಿನ ಮಾತಿಗೆ ನಟ ಸುಗಿತಾ ತೊಮೊಕಾಜುವಿನ ಬಲಿತ ಗಂಡುದನಿ. ಒಳಗಿರುವವನು ವಯಸ್ಕ ಎಂದು ಆನಿಮೆ ಮಾಡಿದವರೇ ಹೆಜ್ಜೆಹೆಜ್ಜೆಗೂ ನೆನಪಿಸುತ್ತಾರೆ. ಹಾಗಿದ್ದ ಮೇಲೆ ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಹೇಗೆ? ಗೇಟಿನ ದೃಶ್ಯದಲ್ಲಿ ಹಳೆಯ ಸಾಲದ ಲೆಕ್ಕವನ್ನು ಅಷ್ಟು ಚೆನ್ನಾಗಿ ಇಟ್ಟವರು ಇಲ್ಲಿ ಖಾತೆಯನ್ನೇ ಮುಚ್ಚಿಬಿಟ್ಟಿದ್ದಾರೆ.

ಮಗನಿಗೆ ಸದ್ಯ ಇದು ಬೇಡ. 2019ರಲ್ಲಿ ಬಂದ ‘ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್’ ತೋರಿಸಿ. ಪುಸ್ತಕದ ಹುಚ್ಚು ಹಿಡಿದ ತರುಣಿ ಭೂಕಂಪದಲ್ಲಿ ಪುಸ್ತಕಗಳಡಿಯೇ ಸಿಕ್ಕಿ ಸತ್ತು, ಪುಸ್ತಕವೆಂದರೆ ಸಿರಿವಂತರ ಸೊತ್ತಾಗಿರುವ ಊರಿನಲ್ಲಿ ಕಾವಲುಗಾರನ ಮಗಳು ಮೈನ್ ಆಗಿ ಕಣ್ಣುಬಿಡುತ್ತಾಳೆ. ಓದಿದ್ದೆಲ್ಲ ತಲೆಯಲ್ಲಿದೆ, ಆದರೆ ನಾಲ್ಕು ಹೆಜ್ಜೆ ನಡೆದರೆ ಜ್ವರ. ಹುಲ್ಲಿನ ನಾರು ಹೆಣೆದು ಕಾಗದ ಮಾಡಲು ಹೋಗಿ ಸೋಲುತ್ತಾಳೆ. ಮಣ್ಣಿನ ಫಲಕ ಒಲೆಯಲ್ಲಿ ಸಿಡಿಯುತ್ತದೆ. ಚಿತ್ರಗಳು ಸಾದಾ, ಓಟ ನಿಧಾನ, ಹುಡುಗ ಮೊದಮೊದಲು ಗೊಣಗಬಹುದು. ನೀನು ನಿಜವಾದ ಮೈನ್ ಅಲ್ಲ ಎಂದು ಗೆಳೆಯ ಲುಟ್ಸ್ ಅವಳನ್ನು ಹಿಡಿದು ಕೇಳುವ ತನಕವಾದರೂ ನೋಡಲಿ. ಜ್ವರದಲ್ಲಿ ಹೋದ ಒಂದು ಮಗುವಿನ ಮೈಯಲ್ಲಿ ಬಂದು ಕೂತವಳು ಆ ಮಗುವಿನ ಗೆಳೆಯನಿಗೆ ಮುಖ ಕೊಟ್ಟು ಉತ್ತರ ಹೇಳಬೇಕಾಗುತ್ತದೆ. ಇಸೆಕಾಯ್‌ಗಳಲ್ಲಿ ಇಂಥದ್ದು ಅಪರೂಪ. ಅದಕ್ಕೆ ಮಗ ಏನೆಂದ ಎಂದು ಬರೆಯಿರಿ. ಅವನೇ ಬರೆದರೆ ಇನ್ನೂ ಸಂತೋಷ, ಜಾಗ ಕಾದಿರಿಸುತ್ತೇವೆ.

– ಸಂ.