ಪಜಲ್‌ನಲ್ಲಿ ಹೊಳೆಯುವ ಕಾಂಬಿನೇಷನ್ ಆಟದಲ್ಲಿ ಯಾಕೆ ಹೊಳೆಯಲ್ಲ?

ದಿನಾ ಇಪ್ಪತ್ತು ಚೆಸ್ ಪಜಲ್ ಬಿಡಿಸ್ತೀನಿ, ಆಟಕ್ಕೆ ಕೂತರೆ ಒಂದು ಕಾಂಬಿನೇಷನ್ನೂ, ಅಂದರೆ ಎದುರಾಳಿಯನ್ನು ಸಿಕ್ಕಿಸುವ ನಡೆಗಳ ಸರಣಿ, ಹೊಳೆಯಲ್ಲ ಅಂತ ಕೇಳಿದ್ದೀರಿ. ಪಜಲ್ ತೆರೆದ ಕೂಡಲೇ ಇಲ್ಲಿ ಏನೋ ಇದೆ ಅಂತ ನಮಗೆ ಗೊತ್ತಿರುತ್ತದೆ ಅಲ್ವಾ? ಆಟದಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಆ ಸುಳಿವನ್ನು ನಾವೇ ಹಿಡಿಯಬೇಕು. ನನ್ನ ಅನುಭವದಲ್ಲಿ ಅತಿ ದೊಡ್ಡ ಸುಳಿವು ಕಾವಲಿಲ್ಲದ ಕಾಯಿ, ಅಂದರೆ ಹೊಡೆದರೆ ತಿರುಗಿ ಹೊಡೆಯಲು ಯಾರೂ ಇಲ್ಲದ ಕಾಯಿ.

ನಾನಿದನ್ನು ಕಲಿತದ್ದು ಕಲಬುರಗಿಯ ಗಂಜಿನಲ್ಲಿ, ಲೆಕ್ಕ ಬರೆಯುತ್ತಿದ್ದ ಅಡತಿ ಅಂಗಡಿಯಲ್ಲಿ. ಬೇಸಿಗೆ ಮಧ್ಯಾಹ್ನ ವ್ಯಾಪಾರ ನಿಂತ ಮೇಲೆ ಅಲ್ಲಿನ ಕಾಕಾ ತೊಗರಿ ಚೀಲದ ಮೇಲೆ ಬೋರ್ಡ್ ಇಡುತ್ತಿದ್ದರು. ಆಗಷ್ಟೇ ನಾನು ಲೆಗಾಲ್ ಮೇಟ್ ಎಂಬ, ರಾಣಿಯನ್ನೇ ಬಿಟ್ಟುಕೊಟ್ಟು ರಾಜನನ್ನು ಹಿಡಿಯುವ ತಂತ್ರ ಕಲಿತಿದ್ದೆ. ಲೆಗಾಲ್ ಅಂದರೆ 18ನೇ ಶತಮಾನದ ಫ್ರೆಂಚ್ ಆಟಗಾರ, ಆ ಕಾಲದ ಹೆಸರಾಂತ ಆಟಗಾರ ಫಿಲಿಡೋರ್‌ಗೆ ಚೆಸ್ ಕಲಿಸಿದವರು. ಬಿಳಿಯ ರಾಣಿ ಡಿ1ರಲ್ಲಿ, ಅದರ ಓರೆ ಸಾಲಿನಲ್ಲಿ ಎಫ್3ರಲ್ಲಿ ಕುದುರೆ (ಡಿ1, ಎಫ್3 ಅಂದರೆ ಬೋರ್ಡಿನ ಮನೆಗಳ ಹೆಸರು). ಕಪ್ಪು ಒಂಟೆ ಜಿ4ಕ್ಕೆ ಬಂದು ಆ ಕುದುರೆಯನ್ನು ಕಟ್ಟಿಹಾಕಿದೆ, ಕುದುರೆ ಎದ್ದರೆ ಹಿಂದಿನ ರಾಣಿ ಒಂಟೆಯ ಬಾಯಿಗೆ. ಆದರೂ ಬಿಳಿ ಕುದುರೆ ಎದ್ದು ಇ5ರ ಪ್ಯಾದೆ ಹೊಡೆಯುತ್ತದೆ! ಕಪ್ಪು ಆಸೆಪಟ್ಟು ರಾಣಿಯನ್ನು ತಿಂದರೆ, ಸಿ4ರ ಒಂಟೆ ಎಫ್7ರಲ್ಲಿ ಚೆಕ್ ಕೊಡುತ್ತದೆ. ರಾಜ ಇ7ಕ್ಕೆ ಹೋಗಲೇಬೇಕು. ಆಮೇಲೆ ಸಿ3ರ ಕುದುರೆ ಡಿ5ಕ್ಕೆ ಬಂದರೆ ಮೇಟ್.

ಒಂದು ದಿನ ಕಾಕಾನ ಮೇಲೆ ಇದೇ ಸ್ಥಿತಿ ಬಂತು. ನನ್ನ ಎದೆ ಡವಡವ ಅಂತಿತ್ತು. ಕುದುರೆ ಎತ್ತಿ ಇ5ಕ್ಕೆ ಹೊಡೆದೆ. ಕಾಕಾ ನನ್ನ ರಾಣಿಯನ್ನು ಮುಟ್ಟಲೇ ಇಲ್ಲ. ಸಿ6ರಲ್ಲಿದ್ದ ತಮ್ಮ ಕುದುರೆಯಿಂದ ನನ್ನ ಕುದುರೆಯನ್ನು ಹೊಡೆದರು. ಇ5ಕ್ಕೆ ಬಂದ ಆ ಕುದುರೆಯೇ ಜಿ4ರ ಒಂಟೆಗೆ ಕಾವಲಾಯಿತು. ನನಗೆ ಸಿಕ್ಕಿದ್ದು ಒಂದು ಪ್ಯಾದೆ, ಹೋಗಿದ್ದು ಒಂದು ಕುದುರೆ.

ಆಮೇಲೆ ಅವರು ಮಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಯಿಗಳನ್ನು ಹಿಂದಕ್ಕಿಟ್ಟರು. ನನ್ನ ಎಚ್2ರ ಪ್ಯಾದೆಯನ್ನು ಒಂದು ಮನೆ ಮುಂದೆ ತಳ್ಳಿ, ತಮ್ಮ ಒಂಟೆಯನ್ನು ಜಿ4ರಿಂದ ಎಚ್5ಕ್ಕೆ ಸರಿಸಿದರು. "ಈಗ ಹೊಡಿ ತಮ್ಮಾ. ಈ ಒಂಟಿ ಬೆನ್ನಿಗಿ ಈಗ ಯಾರದಾರ ನೋಡು" ಅಂದರು. ಅದೇ ನಡೆ, ಅದೇ ಉತ್ತರ. ಆದರೆ ಇ5ರ ಕುದುರೆಗೆ ಎಚ್5 ಎಟುಕಲ್ಲ. ನನ್ನ ರಾಣಿ ಒಂಟೆಯನ್ನು ತಿಂದಿತು. ಅವರ ಕುದುರೆ ಸಿ4ರ ಒಂಟೆ ತಿಂದಿತು. ಆಗ ನಾನು ರಾಣಿಯನ್ನು ಬಿ5ಕ್ಕೆ ತಂದು ಚೆಕ್ ಕೊಟ್ಟೆ. ಆ ಕುದುರೆಗೂ ದಿಕ್ಕಿರಲಿಲ್ಲ, ಮುಂದಿನ ನಡೆಗೆ ಸಿಕ್ಕಿತು. ಲೆಕ್ಕ ಹಾಕಿದರೆ ನನಗೇ ಒಂದು ಪ್ಯಾದೆ ಜಾಸ್ತಿ. ಒಂಟೆ ಒಂದೇ ಒಂದು ಮನೆ ಸರಿದಿದ್ದಕ್ಕೆ ಸೋಲುವ ನಡೆ ಗೆಲ್ಲುವ ನಡೆಯಾಯಿತು!

ಅವತ್ತಿನಿಂದ ಎದುರಾಳಿ ಪ್ರತಿ ಸಲ ಕಾಯಿ ಇಟ್ಟಾಗಲೂ ನಾನು ಮೊದಲು ನೋಡುವುದು ಇದನ್ನೇ: ಈ ನಡೆಯಿಂದ ಯಾವ ಕಾಯಿಯ ಕಾವಲು ಹೋಯಿತು? ರಾಜನಿಗೆ ಓಡಲು ಎಷ್ಟು ಮನೆ ಉಳಿದಿವೆ? ಏನಾದರೂ ಕಂಡರೆ ಮಾತ್ರ ಲೆಕ್ಕಕ್ಕೆ ಇಳಿಯುತ್ತೇನೆ. ಮೊದಲು ಚೆಕ್ಕುಗಳು, ಆಮೇಲೆ ಹೊಡೆತಗಳು. ಏನೂ ಕಾಣದಿದ್ದರೆ ಸುಮ್ನೆ ಒಳ್ಳೆಯ ಮನೆಗೆ ಕಾಯಿ ತರುತ್ತೇನೆ. ಬೇಕೆಂದೇ ಕಾಯಿಯೊಂದನ್ನು ಬಲಿ ಕೊಡುವ ಮುಂಚೆ ಇನ್ನೊಂದು ಪ್ರಶ್ನೆ: ಅವನು ಬಲಿ ತಗೊಳ್ಳದೇ ಇದ್ದರೆ? ನಾನು ಎಡವಿದ್ದು ಅಲ್ಲೇ.

ಪಜಲ್ ಬಿಡಬೇಡಿ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಚೆಸ್ ಆಟಗಾರರ ನೆನಪಿನ ಮೇಲೆ ಪ್ರಯೋಗ ಮಾಡಿದರು. ನಿಜವಾದ ಆಟದ ಸ್ಥಿತಿಯನ್ನು ಕೆಲವೇ ಸೆಕೆಂಡ್ ತೋರಿಸಿದರೂ ಮಾಸ್ಟರ್, ಅಂದರೆ ನುರಿತ ಆಟಗಾರ, ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾದ ಮನೆಯಲ್ಲಿ ಜೋಡಿಸುತ್ತಿದ್ದರು. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟರೆ ಅವರೂ ನಮ್ಮ ಹಾಗೇ ತಡವರಿಸುತ್ತಿದ್ದರು. ಅವರ ತಲೆಯಲ್ಲಿರುವುದು ಆಡಿ ಆಡಿ ಕೂಡಿಟ್ಟ ಚಿತ್ರಗಳು. ಪಜಲ್ ಆ ಚಿತ್ರಗಳನ್ನು ಕೊಡುತ್ತದೆ. ಆದರೆ ಇಪ್ಪತ್ತರ ಬದಲು ಐದೇ ಬಿಡಿಸಿ. ಎದುರಾಳಿಯ ಅತಿ ಗಟ್ಟಿ ಉತ್ತರ ಯಾವುದು ಅಂತ ಬಾಯಿಬಿಟ್ಟು ಹೇಳಿದ ಮೇಲೆಯೇ ಮೊದಲ ನಡೆ ಆಡಿ.

ಇವತ್ತು ರಾತ್ರಿ ಒಂದು ಬೋರ್ಡ್ ಹಾಸಿ, ಮೇಲೆ ಹೇಳಿದ ಎರಡೂ ಸ್ಥಿತಿಗಳನ್ನು ಕೈಯಾರೆ ಇಟ್ಟು ನೋಡಿ. ಆಮೇಲೆ ನೀವು ಸೋತ ಒಂದು ಆಟದ ನಡೆಗಳನ್ನು ಇಲ್ಲಿ ಬರೆಯಿರಿ. ಎಲ್ಲಿ ಕಾವಲು ತಪ್ಪಿತ್ತು ಅಂತ ಇಬ್ಬರೂ ಕೂಡಿ ಹುಡುಕೋಣ.